ಕರುಳಿನ ಸೂಕ್ಷ್ಮಜೀವಿ ಸಮುದಾಯ

ಮನುಷ್ಯನ ಜೀರ್ಣನಾಳದಲ್ಲಿ, ಅದರಲ್ಲೂ ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ನೆಲೆಸಿರುವ ಬ್ಯಾಕ್ಟೀರಿಯ, ಆರ್ಕಿಯ, ಶಿಲೀಂಧ್ರ, ಏಕಕೋಶ ಜೀವಿ ಮತ್ತು ವೈರಸ್‌ಗಳ ಒಟ್ಟು ಸಮೂಹ. ಈ ಜೀವಿಗಳನ್ನೂ ಅವುಗಳ ಜೀನುಗಳನ್ನೂ ಸೇರಿಸಿ ಮೈಕ್ರೋಬಯೋಮ್ ಎನ್ನುವುದು ರೂಢಿ. ದೇಹಕ್ಕೆ ಅರಗದ ನಾರನ್ನು ಹುದುಗಿಸುವುದು, ಕೆಲವು ಜೀವಸತ್ವಗಳನ್ನು ತಯಾರಿಸುವುದು, ರೋಗನಿರೋಧಕ ವ್ಯವಸ್ಥೆಯನ್ನು ಪಳಗಿಸುವುದು, ರೋಗಾಣುಗಳಿಗೆ ನೆಲೆ ಸಿಗದಂತೆ ನೋಡಿಕೊಳ್ಳುವುದು ಇವುಗಳ ಮುಖ್ಯ ಕೆಲಸಗಳು. ಹೊಟ್ಟೆಯೊಳಗಿನ ಈ ಸಮುದಾಯ ಒಬ್ಬೊಬ್ಬರದೂ ಬೇರೆ ಬೇರೆಯಾದರೂ ಅದು ಒಬ್ಬರ ಖಾಸಗಿ ಸೊತ್ತಲ್ಲ. ಊಟದ ತಟ್ಟೆ, ಔಷಧಿ ಅಂಗಡಿ, ಕುಡಿಯುವ ನೀರು ಈ ಮೂರೂ ದಿನದಿನವೂ ಅದನ್ನು ತಿದ್ದುತ್ತಿರುತ್ತವೆ. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ, ಸಣ್ಣ ಕಾರ್ಖಾನೆಗಳೂ ವಠಾರಗಳೂ ಒತ್ತಾಗಿ ಬೆಳೆದಿರುವ ಕಾಮಾಕ್ಷಿಪಾಳ್ಯದಂಥ ಬಡಾವಣೆಯಲ್ಲಿ ಈ ಮೂರರ ಕೆಲಸವನ್ನೂ ಒಟ್ಟಿಗೆ ಕಾಣಬಹುದು.

ಪ್ರಮಾಣ ಮತ್ತು ಹಂಚಿಕೆ

ದೇಹದ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಗಳು ಹತ್ತು ಪಟ್ಟು ಹೆಚ್ಚು ಎಂಬ ಮಾತು ಬಹುಕಾಲ ಪಠ್ಯಪುಸ್ತಕಗಳಲ್ಲಿ ಉಳಿದಿತ್ತು. ಇಸ್ರೇಲಿನ ವೈಜ್‌ಮನ್ ವಿಜ್ಞಾನ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಹೊಸದಾಗಿ ಲೆಕ್ಕ ಹಾಕಿ ಅದನ್ನು ಸರಿಪಡಿಸಿದರು. ಅವರ ಪ್ರಕಾರ 70 ಕಿಲೋ ತೂಕದ ಗಂಡಸಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳೂ 30 ಲಕ್ಷ ಕೋಟಿ ಸ್ವಂತ ಜೀವಕೋಶಗಳೂ ಇರುತ್ತವೆ. ಎಂದರೆ ಎರಡೂ ಹೆಚ್ಚುಕಡಿಮೆ ಸಮ. ಬ್ಯಾಕ್ಟೀರಿಯಗಳೆಲ್ಲವನ್ನೂ ಒಟ್ಟಿಗೆ ತೂಗಿದರೆ 200 ಗ್ರಾಮಿನಷ್ಟು.

ಇವು ಜೀರ್ಣನಾಳದ ಉದ್ದಕ್ಕೂ ಸಮನಾಗಿ ಹರಡಿಲ್ಲ. ಜಠರದ ಆಮ್ಲದಲ್ಲಿ ಬದುಕುವವು ಕಡಿಮೆ. ಸಣ್ಣ ಕರುಳಿನಲ್ಲಿ ಆಹಾರ ಬೇಗ ಸಾಗುವುದರಿಂದಲೂ ಪಿತ್ತರಸದ ಕಾರಣದಿಂದಲೂ ಸಂಖ್ಯೆ ಮಿತವಾಗಿರುತ್ತದೆ. ಆಹಾರದ ಉಳಿಕೆ ನಿಧಾನವಾಗಿ ಸಾಗುವ, ಆಮ್ಲಜನಕವಿಲ್ಲದ ದೊಡ್ಡ ಕರುಳಿನಲ್ಲಿ ಒಂದು ಮಿಲಿಲೀಟರಿಗೆ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಗಳಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಾಯ್ಡೀಟ್ಸ್ ಮತ್ತು ಫರ್ಮಿಕ್ಯೂಟ್ಸ್ ಎಂಬ ಎರಡು ದೊಡ್ಡ ವಂಶಗಳಿಗೆ ಸೇರಿದವು. ಎಲ್ಲರೂ ಹೆಸರು ಕೇಳಿರುವ ಇ. ಕೋಲೈ ಇವುಗಳ ನಡುವೆ ಅಲ್ಪಸಂಖ್ಯಾತ. ಹೈಡ್ರೋಜನ್ನಿನಿಂದ ಮೀಥೇನ್ ಮಾಡುವ ಮೆಥನೊಬ್ರೆವಿಬ್ಯಾಕ್ಟರ್ ಎಂಬ ಆರ್ಕಿಯ ಕೆಲವರಲ್ಲಿ ಹೇರಳ, ಕೆಲವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಗಳಿಗೆ ಸೋಂಕಿ ಅವುಗಳೊಳಗೇ ಹೆಚ್ಚುವ ಫೇಜ್ ವೈರಸ್‌ಗಳೂ ಅಪಾರ ಸಂಖ್ಯೆಯಲ್ಲಿವೆ.

ಅಧ್ಯಯನದ ಇತಿಹಾಸ

ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವೆನ್‌ಹುಕ್ 1681ರಲ್ಲಿ ತನಗೆ ಭೇದಿಯಾದಾಗ ತನ್ನ ಮಲವನ್ನೇ ಸೂಕ್ಷ್ಮದರ್ಶಕದಲ್ಲಿಟ್ಟು ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡ. 1885ರಲ್ಲಿ ಮಕ್ಕಳ ವೈದ್ಯ ಥಿಯೋಡೋರ್ ಎಶರಿಕ್ ಶಿಶುಗಳ ಮಲದಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ವಿವರಿಸಿದ. ಮುಂದೆ ಅದಕ್ಕೆ ಅವನ ಹೆಸರೇ ನಿಂತಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಆನ್ರಿ ತಿಸಿಯೆ ಮೊಲೆಹಾಲು ಕುಡಿಯುವ ಶಿಶುಗಳಲ್ಲಿ ಬೈಫಿಡೊಬ್ಯಾಕ್ಟೀರಿಯವನ್ನು ಗುರುತಿಸಿದ. ಅದೇ ಸಂಸ್ಥೆಯಲ್ಲಿದ್ದ, 1908ರಲ್ಲಿ ನೊಬೆಲ್ ಪಡೆದ ಇಲ್ಯ ಮೆಚ್ನಿಕಾಫ್ ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರು ಸೇವಿಸುವ ಹುಳಿ ಹಾಲೇ ಕಾರಣವೆಂದು ವಾದಿಸಿದ. ಇಂದಿನ ಪ್ರೋಬಯೋಟಿಕ್ ವ್ಯಾಪಾರದ ಬೇರು ಈ ವಾದದಲ್ಲಿದೆ.

ಕರುಳಿನ ಬಹುಪಾಲು ಬ್ಯಾಕ್ಟೀರಿಯಗಳು ಗಾಳಿ ತಾಕಿದರೆ ಸಾಯುತ್ತವೆ. ಅದರಿಂದ ಅವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟವಾಗಿತ್ತು. ಹಸುವಿನ ಮೆಲುಕು ಹೊಟ್ಟೆಯನ್ನು ಅಭ್ಯಾಸ ಮಾಡುತ್ತಿದ್ದ ಅಮೆರಿಕದ ರಾಬರ್ಟ್ ಹಂಗೇಟ್ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಇದಕ್ಕೊಂದು ದಾರಿ ತೋರಿಸಿದ. 1977ರಲ್ಲಿ ಕಾರ್ಲ್ ವೋಸ್ ರೈಬೊಸೋಮಿನ ಆರ್‌ಎನ್‌ಎ ಆಧಾರದ ಮೇಲೆ ಜೀವಿಗಳನ್ನು ವಿಂಗಡಿಸಿದ ಬಳಿಕ, ಬೆಳೆಸದೆಯೇ ಬರಿಯ ಅನುವಂಶಿಕ ಗುರುತಿನಿಂದ ಬ್ಯಾಕ್ಟೀರಿಯಗಳನ್ನು ಪತ್ತೆಹಚ್ಚುವುದು ಸಾಧ್ಯವಾಯಿತು. ಅಮೆರಿಕದಲ್ಲಿ 2007ರಲ್ಲಿ ಮಾನವ ಮೈಕ್ರೋಬಯೋಮ್ ಯೋಜನೆ ಶುರುವಾಯಿತು. ಯೂರೋಪಿನ ಮೆಟಾಹಿಟ್ ಯೋಜನೆ 2010ರಲ್ಲಿ 124 ಜನರ ಮಲದಿಂದ 33 ಲಕ್ಷ ಸೂಕ್ಷ್ಮಜೀವಿ ಜೀನುಗಳ ಪಟ್ಟಿ ಪ್ರಕಟಿಸಿತು. ಇದು ಮನುಷ್ಯನ ಸ್ವಂತ ಜೀನುಗಳ ಸುಮಾರು 150 ಪಟ್ಟು.

ಹುಟ್ಟಿನಿಂದ ಮೂರು ವರ್ಷ

ಸಹಜ ಹೆರಿಗೆಯಲ್ಲಿ ಶಿಶುವಿಗೆ ತಾಯಿಯ ಯೋನಿ ಮತ್ತು ಕರುಳಿನ ಬ್ಯಾಕ್ಟೀರಿಯಗಳು ಮೊದಲು ಸಿಗುತ್ತವೆ. ಸಿಸೇರಿಯನ್‌ನಲ್ಲಿ ಚರ್ಮದ ಮತ್ತು ಆಸ್ಪತ್ರೆಯ ಪರಿಸರದ ಬ್ಯಾಕ್ಟೀರಿಯಗಳ ಪಾಲು ಹೆಚ್ಚು. ಈ ವ್ಯತ್ಯಾಸ ತಿಂಗಳುಗಳು ಕಳೆದಂತೆ ಬಹುಮಟ್ಟಿಗೆ ಸವೆಯುತ್ತದೆ. ಅದಕ್ಕಿಂತ ದೊಡ್ಡ ಪ್ರಭಾವ ಮೊಲೆಹಾಲಿನದು. ತಾಯಿಯ ಹಾಲಿನಲ್ಲಿ ಮಗುವಿಗೇ ಅರಗದ ಕೆಲವು ಸಕ್ಕರೆಗಳಿವೆ. ಅವು ಮಗುವಿಗಲ್ಲ, ಅದರ ಕರುಳಿನ ಬೈಫಿಡೊಬ್ಯಾಕ್ಟೀರಿಯಗಳಿಗೆ ಮೇವು. ಗಟ್ಟಿ ಆಹಾರ ಶುರುವಾದ ಮೇಲೆ ವೈವಿಧ್ಯ ಹೆಚ್ಚುತ್ತಾ ಹೋಗಿ, ಮೂರು ವರ್ಷದ ಹೊತ್ತಿಗೆ ಸಮುದಾಯ ದೊಡ್ಡವರದನ್ನು ಹೋಲತೊಡಗುತ್ತದೆ.

ಈ ಮೊದಲ ದಿನಗಳ ಮಹತ್ವವನ್ನು ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗಗಳಲ್ಲಿ ಒಂದು ಭಾರತದ್ದೇ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದರ ಮೇವಾದ ಸಕ್ಕರೆಯ ಜೊತೆ ಏಳು ದಿನ ಕೊಟ್ಟ ಶಿಶುಗಳಲ್ಲಿ ರಕ್ತದ ನಂಜು ಅಥವಾ ಸಾವು ಶೇ. 5.4ರಷ್ಟಿದ್ದರೆ, ಕೊಡದವರಲ್ಲಿ ಶೇ. 9ರಷ್ಟಿತ್ತು.

ದೇಹಕ್ಕೆ ಮಾಡುವ ಕೆಲಸ

ಹುದುಗಿಸುವಿಕೆ: ಮನುಷ್ಯನ ಕಿಣ್ವಗಳಿಗೆ ಬಗ್ಗದ ನಾರು ಮತ್ತು ಪಿಷ್ಟ ದೊಡ್ಡ ಕರುಳಿಗೆ ಬಂದಾಗ ಬ್ಯಾಕ್ಟೀರಿಯಗಳು ಅದನ್ನು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಣಿ ಕೊಬ್ಬಿನಾಮ್ಲಗಳನ್ನಾಗಿ ಒಡೆಯುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳ ಮುಖ್ಯ ಇಂಧನ. ಅದು ಸಾಕಷ್ಟಿದ್ದರೆ ಕರುಳಿನ ಗೋಡೆ ಬಿಗಿಯಾಗಿರುತ್ತದೆ, ಉರಿಯೂತ ತಗ್ಗುತ್ತದೆ. ಪ್ರೊಪಿಯೊನೇಟ್ ಯಕೃತ್ತಿಗೆ ಸೇರುತ್ತದೆ. ನಾರು ಸಿಗದಿದ್ದಾಗ ಕೆಲವು ಬ್ಯಾಕ್ಟೀರಿಯಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನತೊಡಗುತ್ತವೆ.

ಪೋಷಕಾಂಶ: ಕೆ ಜೀವಸತ್ವ ಮತ್ತು ಬಿ ಗುಂಪಿನ ಕೆಲವನ್ನು ಬ್ಯಾಕ್ಟೀರಿಯಗಳು ತಯಾರಿಸುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜಾನ್ ಆಲ್ಬರ್ಟ್, ವಿ. ಐ. ಮಾಥನ್, ಎಸ್. ಜೆ. ಬೇಕರ್ ಅವರು ದಕ್ಷಿಣ ಭಾರತೀಯರ ಸಣ್ಣ ಕರುಳಿನ ಬ್ಯಾಕ್ಟೀರಿಯಗಳು ಬಿ12 ತಯಾರಿಸಬಲ್ಲವೆಂದು 1980ರಲ್ಲಿ ತೋರಿಸಿದರು. ಆದರೆ ದೊಡ್ಡ ಕರುಳಿನಲ್ಲಿ ತಯಾರಾಗುವ ಬಿ12 ದೇಹಕ್ಕೆ ಹೀರಿಕೆಯಾಗುವ ಜಾಗ ದಾಟಿ ಹೋಗಿರುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ ಈ ಜೀವಸತ್ವದ ಕೊರತೆ ಸಾಮಾನ್ಯವಾಗಿರುವುದರಿಂದ ಬ್ಯಾಕ್ಟೀರಿಯಗಳನ್ನೇ ನಂಬಿ ಕೂರುವಂತಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ, ವಯಸ್ಕ ಗಂಡಸರ ದೇಹಕ್ಕೆ ಸೇರುವ ಲ್ಯೂಸೀನ್ ಎಂಬ ಅಮೈನೊ ಆಮ್ಲದಲ್ಲಿ ಕರುಳಿನ ಸೂಕ್ಷ್ಮಜೀವಿಗಳ ಪಾಲನ್ನು ಅಳೆಯಿತು.

ರಕ್ಷಣೆ ಮತ್ತು ತರಬೇತಿ: ಕರುಳಿನ ಬ್ಯಾಕ್ಟೀರಿಯಗಳು ಜಾಗ ಮತ್ತು ಆಹಾರವನ್ನು ಮೊದಲೇ ಆಕ್ರಮಿಸಿಕೊಂಡು ಹೊರಗಿನ ರೋಗಾಣುಗಳನ್ನು ತಡೆಯುತ್ತವೆ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಪ್ರಯೋಗಾಲಯದ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಬಲಿಯುವುದಿಲ್ಲ.

ಔಷಧಿಯ ರೂಪಾಂತರ: ಹೃದಯದ ಔಷಧಿಯಾದ ಡಿಗಾಕ್ಸಿನ್ ಅನ್ನು ಎಗರ್ತೆಲ್ಲ ಲೆಂಟ ಎಂಬ ಬ್ಯಾಕ್ಟೀರಿಯ ನಿಷ್ಕ್ರಿಯಗೊಳಿಸುತ್ತದೆ. ಒಂದೇ ಮಾತ್ರೆ ಒಬ್ಬರಿಗೆ ಹಿಡಿದು ಇನ್ನೊಬ್ಬರಿಗೆ ಹಿಡಿಯದಿರುವುದಕ್ಕೆ ಇದೂ ಒಂದು ಕಾರಣ.

ಆಹಾರದ ಪ್ರಭಾವ: ಕನ್ನಡ ನಾಡಿನ ತಟ್ಟೆ

ಕರುಳಿನ ಸಮುದಾಯವನ್ನು ಬದಲಿಸುವ ಅಂಶಗಳಲ್ಲಿ ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಊಟ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಫ್ರಿಕನ್ ಮೂಲದ 20 ಅಮೆರಿಕನ್ನರಿಗೆ ನಾರು ಹೆಚ್ಚಿರುವ ಆಫ್ರಿಕದ ಹಳ್ಳಿಯೂಟವನ್ನೂ, ದಕ್ಷಿಣ ಆಫ್ರಿಕದ 20 ಹಳ್ಳಿಗರಿಗೆ ಅಮೆರಿಕದ ಊಟವನ್ನೂ ಎರಡು ವಾರ ಕೊಡಲಾಯಿತು. ಅಷ್ಟರಲ್ಲೇ ಮೊದಲ ಗುಂಪಿನಲ್ಲಿ ಬ್ಯುಟಿರೇಟ್ ಏರಿತು, ಎರಡನೆಯದರಲ್ಲಿ ಇಳಿಯಿತು.

ಮಾಗಡಿ, ಕುಣಿಗಲ್, ತುಮಕೂರು ಕಡೆಯಿಂದ ಪಶ್ಚಿಮ ಬೆಂಗಳೂರಿಗೆ ಬಂದು ನೆಲೆಸಿದವರ ಮೂಲ ಊಟ ರಾಗಿ ಮುದ್ದೆ, ಕಾಳಿನ ಸಾರು, ಸೊಪ್ಪು, ಮಜ್ಜಿಗೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಶಿಫಾರಸು. ಪಾಳಿಯ ಕೆಲಸದ ನಡುವೆ ದರ್ಶಿನಿಯ ಅನ್ನ, ಬೇಕರಿಯ ಬನ್ನು, ಚಹಾಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವನಿಗೆ ಮುದ್ದೆಯ ಜೊತೆ ತಪ್ಪುವುದು ಬ್ಯಾಕ್ಟೀರಿಯಗಳ ಮೇವು.

ಮಾಗಡಿ ಕಡೆಯ ಅವರೆಕಾಯಿ ಬರುವ ಚಳಿಗಾಲದಲ್ಲಿ ಎಲ್ಲರ ಹೊಟ್ಟೆಯುಬ್ಬರಕ್ಕೂ ವಿವರಣೆ ಇಲ್ಲಿಯೇ ಇದೆ. ಅವರೆ, ಹುರುಳಿ, ಕಡಲೆಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನಿಗಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಅವನ್ನು ಹುದುಗಿಸುವಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಈ ವಾಯು ಒಂದು ರೋಗವಲ್ಲ, ಬ್ಯಾಕ್ಟೀರಿಯಗಳ ಊಟ ನಡೆದಿದೆ ಎಂಬುದರ ಗುರುತು. ಕಾಳನ್ನು ನೆನೆಸಿ ನೀರು ಚೆಲ್ಲುವ, ಮೊಳಕೆ ಬರಿಸುವ ರೂಢಿಯಿಂದ ಈ ಸಕ್ಕರೆಗಳು ತಗ್ಗುತ್ತವೆ.

ಬೇಯಿಸಿ ಆರಿಸಿದ ಅನ್ನದಲ್ಲಿ ಪಿಷ್ಟದ ಒಂದು ಭಾಗ ಮತ್ತೆ ಗಟ್ಟಿಯಾಗಿ, ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ತಂಗಳನ್ನದ ಗುಣ ಇದರಲ್ಲಿದೆ. ವೆಲ್ಲೂರಿನ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಹೀಗೆ ಸಣ್ಣ ಕರುಳಿನಲ್ಲಿ ಅರಗದ ಪಿಷ್ಟವನ್ನು ಕಾಲರಾ ರೋಗಿಗಳ ಜೀವಜಲದ ದ್ರಾವಣಕ್ಕೆ ಬೆರೆಸಿದಾಗ ಭೇದಿಯ ಪ್ರಮಾಣವೂ ಅವಧಿಯೂ ಕಡಿಮೆಯಾದವೆಂದು 2000ದಲ್ಲಿ ವರದಿ ಮಾಡಿದರು. ಕರುಳಿನ ಬ್ಯಾಕ್ಟೀರಿಯಗಳು ಪಿಷ್ಟವನ್ನು ಕೊಬ್ಬಿನಾಮ್ಲವಾಗಿಸಿದಾಗ, ಆ ಆಮ್ಲಗಳ ಜೊತೆ ದೊಡ್ಡ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ.

ಹುದುಗಿದ ತಿಂಡಿಗಳೆಲ್ಲ ಜೀವಂತ ಬ್ಯಾಕ್ಟೀರಿಯ ಕೊಡುತ್ತವೆ ಎಂಬ ಗೊಂದಲವಿದೆ. ಕನ್ನಡದಲ್ಲಿ ಇಡ್ಲಿಯ ಹೆಸರು ಹಳೆಯದು. ಸುಮಾರು 920ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಬರುತ್ತದೆ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮ ಹೇಳುತ್ತದೆ. ಇಂದಿನ ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಆದರೆ ಹಬೆಯಲ್ಲಿ ಬೆಂದಾಗ, ಕಾವಲಿಯ ಮೇಲೆ ಹುಯ್ದಾಗ ಅವು ಸಾಯುತ್ತವೆ. ಇಡ್ಲಿ, ದೋಸೆ ಜೀವಂತ ಬ್ಯಾಕ್ಟೀರಿಯಗಳನ್ನು ಹೊಟ್ಟೆಗೆ ಸೇರಿಸುವುದಿಲ್ಲ. ಹುದುಗಿದ್ದರಿಂದ ಅವು ಸುಲಭವಾಗಿ ಅರಗುತ್ತವೆ, ಅವುಗಳಲ್ಲಿ ಬಿ ಜೀವಸತ್ವ ಹೆಚ್ಚುತ್ತದೆ, ಖನಿಜಗಳನ್ನು ಹಿಡಿದಿಡುವ ಫೈಟೇಟ್ ತಗ್ಗುತ್ತದೆ ಎನ್ನುವಷ್ಟು ಸರಿ. ಜೀವಂತವಾಗಿ ಹೊಟ್ಟೆ ಸೇರುವುದು ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ಮತ್ತು ಹುಳಿಯಾದ ಮೇಲೆ ಮತ್ತೆ ಬೇಯಿಸದ ಅಂಬಲಿಗಳಲ್ಲಿ. ಅವೂ ಬಹುತೇಕ ಕರುಳಿನಲ್ಲಿ ನೆಲೆಸುವುದಿಲ್ಲ, ಕೆಲವು ದಿನ ಉಳಿದು ಹೊರಟುಹೋಗುತ್ತವೆ. ಹಾಲು ಅರಗದವರಿಗೂ ಮೊಸರು ಒಗ್ಗುವುದು, ಹೆಪ್ಪಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಸ್ವಲ್ಪ ಮೊದಲೇ ಒಡೆದಿರುವುದರಿಂದ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹತ್ತು ವಾರ ಹುದುಗಿದ ಆಹಾರ ತಿಂದ ಗುಂಪಿನಲ್ಲಿ ಸೂಕ್ಷ್ಮಜೀವಿ ವೈವಿಧ್ಯ ಹೆಚ್ಚಿತು, ಉರಿಯೂತದ 19 ಪ್ರೋಟೀನುಗಳು ತಗ್ಗಿದವು.

ಭಾರತೀಯರ ಕರುಳು

ಈ ಶಾಸ್ತ್ರದ ದತ್ತಾಂಶ ಬಹುಪಾಲು ಯೂರೋಪು, ಅಮೆರಿಕಗಳಿಂದ ಬಂದದ್ದು. ಅಲ್ಲಿನ ಜನರಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯ ಕುಲ ಹೆಚ್ಚು, ಭಾರತದಲ್ಲಿ ಪ್ರಿವೊಟೆಲ್ಲ ಎಂಬ ಕುಲ ಹೆಚ್ಚು. ಧಾನ್ಯ, ಕಾಳುಗಳ ಊಟಕ್ಕೂ ಪ್ರಿವೊಟೆಲ್ಲಕ್ಕೂ ನಂಟಿದೆ. ಭೋಪಾಲದ ಐಸರ್ ವಿಜ್ಞಾನ ಸಂಸ್ಥೆಯ ವಿನೀತ್ ಶರ್ಮ ತಂಡ 2019ರಲ್ಲಿ ಭೋಪಾಲ ಮತ್ತು ಕೇರಳದ 110 ಆರೋಗ್ಯವಂತರನ್ನು ಹೋಲಿಸಿದಾಗ, ಸಸ್ಯಾಹಾರ ಪ್ರಧಾನವಾದ ಭೋಪಾಲದಲ್ಲಿ ಪ್ರಿವೊಟೆಲ್ಲ, ಮಿಶ್ರಾಹಾರದ ಕೇರಳದಲ್ಲಿ ಬ್ಯಾಕ್ಟೀರಾಯ್ಡಿಸ್, ರುಮಿನೊಕಾಕಸ್, ಫೀಕಾಲಿಬ್ಯಾಕ್ಟೀರಿಯಮ್ ಎದ್ದು ಕಂಡವು. ಆಗ್ನೇಯ ಏಷ್ಯದ ಹ್ಮಾಂಗ್ ಮತ್ತು ಕರೆನ್ ಜನ ಅಮೆರಿಕಕ್ಕೆ ವಲಸೆ ಹೋದ ತಿಂಗಳುಗಳಲ್ಲೇ ಪ್ರಿವೊಟೆಲ್ಲ ಇಳಿದು ಬ್ಯಾಕ್ಟೀರಾಯ್ಡಿಸ್ ಏರತೊಡಗಿದ್ದನ್ನು 2018ರ ಅಧ್ಯಯನ ತೋರಿಸಿದೆ. ಆದ್ದರಿಂದ ಪಾಶ್ಚಾತ್ಯರ ಸರಾಸರಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಇಲ್ಲಿನ ಕರುಳಿನಲ್ಲಿ ಏನೋ ಏರುಪೇರಾಗಿದೆ ಎನ್ನುವ ದುಬಾರಿ ಪರೀಕ್ಷಾ ವರದಿಗಳನ್ನು ಎಚ್ಚರದಿಂದ ಓದಬೇಕು.

ರೋಗಗಳೊಂದಿಗಿನ ನಂಟು

ಕ್ರೋನ್ಸ್ ಎಂಬ ಕರುಳಿನ ಉರಿಯೂತದ ರೋಗವಿರುವವರಲ್ಲಿ ಬ್ಯುಟಿರೇಟ್ ತಯಾರಿಸುವ ಫೀಕಾಲಿಬ್ಯಾಕ್ಟೀರಿಯಮ್ ಕಡಿಮೆ. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಬಾಯಿಯ ಬ್ಯಾಕ್ಟೀರಿಯವಾದ ಫ್ಯೂಸೊಬ್ಯಾಕ್ಟೀರಿಯಮ್ ಸಿಗುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ, ಪಾರ್ಕಿನ್ಸನ್ ರೋಗಗಳಲ್ಲೂ ಕರುಳಿನ ಸಮುದಾಯ ಬದಲಾಗಿರುವುದು ಕಂಡಿದೆ. ಇವುಗಳಲ್ಲಿ ಹೆಚ್ಚಿನವು ನಂಟುಗಳೇ ಹೊರತು ಕಾರಣವೆಂದು ಸಾಬೀತಾದವಲ್ಲ. ರೋಗದಿಂದ ಊಟ ಬದಲಾಗುತ್ತದೆ, ಔಷಧಿ ಬದಲಾಗುತ್ತದೆ, ಅವುಗಳಿಂದ ಬ್ಯಾಕ್ಟೀರಿಯ ಬದಲಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯೇ ಕರುಳಿನ ಬ್ಯಾಕ್ಟೀರಿಯಗಳನ್ನು ಬದಲಿಸುತ್ತದೆ. ಬೊಜ್ಜಿನ ಇಲಿಯ ಬ್ಯಾಕ್ಟೀರಿಯವನ್ನು ಇನ್ನೊಂದು ಇಲಿಗೆ ಸೇರಿಸಿದರೆ ಅದರ ಕೊಬ್ಬು ಹೆಚ್ಚುತ್ತದೆ ಎಂಬುದು 2006ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್ ತಂಡ ಕಂಡ ಸಂಗತಿ. ಆದರೆ ತೆಳ್ಳಗಿನವರ ಮಲವನ್ನು ಬೊಜ್ಜಿನವರಿಗೆ ಸೇರಿಸಿದ ಪ್ರಯೋಗಗಳಲ್ಲಿ ಮನುಷ್ಯರ ತೂಕ ಇಳಿಯಲಿಲ್ಲ.

ಕಾರಣದ ಸರಪಳಿ ಹೆಚ್ಚು ಸ್ಪಷ್ಟವಾಗಿರುವ ಕ್ಷೇತ್ರ ಮಕ್ಕಳ ಅಪೌಷ್ಟಿಕತೆ. ಅಪೌಷ್ಟಿಕ ಮಕ್ಕಳ ಕರುಳಿನ ಸಮುದಾಯ ವಯಸ್ಸಿಗೆ ತಕ್ಕಂತೆ ಬಲಿತಿರುವುದಿಲ್ಲ. ಢಾಕಾದ ಮೀರ್‌ಪುರ ಕೊಳೆಗೇರಿಯ 123 ಮಕ್ಕಳಿಗೆ ಕಡಲೆ, ಶೇಂಗಾ, ಸೋಯಾ, ಬಾಳೆಕಾಯಿಗಳ ಮಿಶ್ರಣವನ್ನೋ ಹೆಚ್ಚು ಕ್ಯಾಲೊರಿಯ ರೂಢಿಯ ಪೂರಕ ಆಹಾರವನ್ನೋ ಕೊಟ್ಟು ಹೋಲಿಸಿದ 2021ರ ವರದಿಯಲ್ಲಿ, ಕ್ಯಾಲೊರಿ ಕಡಿಮೆಯಿದ್ದ ಮಿಶ್ರಣದಿಂದಲೇ ತೂಕ ಚೆನ್ನಾಗಿ ಏರಿತು.

ಆಂಟಿಬಯೋಟಿಕ್, ಪ್ರೋಬಯೋಟಿಕ್, ಮಲ ಕಸಿ

ಆಂಟಿಬಯೋಟಿಕ್ ರೋಗಾಣುವಿನ ಜೊತೆ ಕರುಳಿನ ನಿವಾಸಿಗಳನ್ನೂ ಕೊಲ್ಲುತ್ತದೆ. ಹೆಚ್ಚಿನವು ವಾರಗಳಲ್ಲಿ ಮರಳುತ್ತವೆ, ಕೆಲವು ತಿಂಗಳಾದರೂ ಬರುವುದಿಲ್ಲ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬೆಳೆದರೆ ಗಂಭೀರ ಭೇದಿಯಾಗುತ್ತದೆ. ನೆಗಡಿ, ವೈರಸ್ ಜ್ವರಗಳಿಗೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಎರಡು ದಿನದ ಮಾತ್ರೆ ನುಂಗುವುದು ಈ ಕಾರಣಕ್ಕೂ ಅಪಾಯ. ಪ್ರಮುಖ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡುವಂತೆ ಮಾಡುವ ಎಚ್1 ಅನುಸೂಚಿ 2014ರ ಮಾರ್ಚಿನಿಂದ ಜಾರಿಯಲ್ಲಿದೆ.

ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಜೀವಿಯೇ ಪ್ರೋಬಯೋಟಿಕ್ ಎಂಬುದು ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ 2001ರ ವ್ಯಾಖ್ಯೆ. ತಳಿ, ಪ್ರಮಾಣ, ಲಾಭ ಮೂರೂ ಗೊತ್ತಿರಬೇಕಾದ್ದರಿಂದ ಮನೆಯ ಮೊಸರು ಒಳ್ಳೆಯ ಆಹಾರವಾದರೂ ಈ ವ್ಯಾಖ್ಯೆಯ ಒಳಗೆ ಬರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದವು. ಒಡಿಶಾದ ಶಿಶುಗಳಿಗೆ ಕೊಟ್ಟದ್ದು ನಿರ್ದಿಷ್ಟ ತಳಿ. ಆ ಫಲವನ್ನು ಅಂಗಡಿಯ ಎಲ್ಲ ಪುಡಿ, ಕ್ಯಾಪ್ಸೂಲುಗಳಿಗೂ ಅನ್ವಯಿಸಲಾಗದು. ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಹೆಚ್ಚಿನ ಜೀರ್ಣಾಂಗ ರೋಗಗಳಿಗೆ ಪ್ರೋಬಯೋಟಿಕ್ ಬಳಸಲು ಸಾಕಷ್ಟು ಆಧಾರವಿಲ್ಲವೆಂದಿತು. ಆಂಟಿಬಯೋಟಿಕ್ ಬಳಿಕ ಪ್ರೋಬಯೋಟಿಕ್ ತೆಗೆದುಕೊಂಡವರಲ್ಲಿ ಸ್ವಂತ ಬ್ಯಾಕ್ಟೀರಿಯಗಳು ಮರಳುವುದು ತಡವಾಯಿತೆಂದು 2018ರ ವೈಜ್‌ಮನ್ ಸಂಸ್ಥೆಯ ಪ್ರಯೋಗ ತೋರಿಸಿತು.

ಆರೋಗ್ಯವಂತರ ಮಲದ ಸೂಕ್ಷ್ಮಜೀವಿಗಳನ್ನು ರೋಗಿಗೆ ಸೇರಿಸುವ ಮಲ ಕಸಿಯನ್ನು 1958ರಲ್ಲಿ ಅಮೆರಿಕದ ಬೆನ್ ಐಸ್‌ಮನ್ ವರದಿ ಮಾಡಿದ. ಮರುಕಳಿಸುವ ಡಿಫಿಸಿಲ್ ಭೇದಿಗೆ ಅದು ಆಂಟಿಬಯೋಟಿಕ್‌ಗಿಂತ ಬಹಳ ಮೇಲೆಂದು 2013ರಲ್ಲಿ ನೆದರ್‌ಲೆಂಡ್ಸಿನ ಪ್ರಯೋಗದಲ್ಲಿ ಸ್ಪಷ್ಟವಾಯಿತು. 2022 ಮತ್ತು 2023ರಲ್ಲಿ ಅಮೆರಿಕ ಇದನ್ನು ಆಧರಿಸಿದ ಎರಡು ಔಷಧಿಗಳಿಗೆ ಒಪ್ಪಿಗೆ ನೀಡಿತು. ಕರುಳಿನ ಸಮುದಾಯವನ್ನೇ ಬದಲಿಸಿ ರೋಗ ಗುಣಪಡಿಸಿದ ಅತ್ಯಂತ ಗಟ್ಟಿ ಉದಾಹರಣೆ ಇದು.

ನೀರು ಮತ್ತು ಚರಂಡಿ

ಬೆಂಗಳೂರಿನಲ್ಲಿ ಕರುಳಿನ ಆರೋಗ್ಯದ ಚರಿತ್ರೆ ಬಹುಮಟ್ಟಿಗೆ ನೀರಿನ ಚರಿತ್ರೆ. ಮಲೇರಿಯ ಸಂಶೋಧಕ ರೊನಾಲ್ಡ್ ರಾಸ್‌ನನ್ನು 1895ರಲ್ಲಿ ಕಾಲರಾ ಹಾವಳಿಯ ನಿಮಿತ್ತ ಬೆಂಗಳೂರಿಗೆ ಕಳಿಸಲಾಯಿತು. ಮರುವರ್ಷ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1974ರಲ್ಲಿ ಕಾವೇರಿ ನೀರು ತಲುಪಿತು. ಮಲ ಬೆರೆತ ನೀರು ಕುಡಿಯುವ ಮಕ್ಕಳಲ್ಲಿ ಮತ್ತೆ ಮತ್ತೆ ಸೋಂಕು ತಗಲಿ ಸಣ್ಣ ಕರುಳಿನ ಒಳಪದರ ಸವೆಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಅಂಥ ಕರುಳಿಗೆ ಒಳ್ಳೆಯ ಊಟವೊಂದೇ ಸಾಲದು.

ಕಾಮಾಕ್ಷಿಪಾಳ್ಯ ಇರುವುದು ವೃಷಭಾವತಿ ಹೊಳೆಯ ಕಣಿವೆಯಲ್ಲಿ. ಒಂದು ಕಾಲಕ್ಕೆ ತಿಳಿನೀರು ಹರಿದ ಈ ಹೊಳೆ ಇಂದು ನಗರದ ಪಶ್ಚಿಮ ಭಾಗದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಹೊತ್ತು ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ, ಅಲ್ಲಿಂದ ಹೊಲಗಳಿಗೆ ಹಾಯುತ್ತದೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಈ ನೀರಿನ ಗುಣಮಟ್ಟವನ್ನು, ಅದರ ಭಾರ ಲೋಹಗಳನ್ನು ಅಭ್ಯಾಸ ಮಾಡಿದೆ. ಕೊಳಚೆ ನೀರಿನಲ್ಲಿ ಕರುಳಿನ ಬ್ಯಾಕ್ಟೀರಿಯಗಳೂ ಆಂಟಿಬಯೋಟಿಕ್ ಉಳಿಕೆಗಳೂ ಒಟ್ಟಾದಾಗ ಮಾತ್ರೆಗೆ ಬಗ್ಗದ ಜೀನುಗಳು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟುತ್ತವೆ. ಸೊಪ್ಪು, ತರಕಾರಿ, ಕೈಗಳ ಮೂಲಕ ಅವು ಮತ್ತೆ ಮನುಷ್ಯನ ಕರುಳಿಗೆ ಮರಳಬಲ್ಲವು. ಚೀಟಿಯಿಲ್ಲದೆ ಮಾತ್ರೆ ನುಂಗಿದವನ ತಪ್ಪಿನ ಫಲ ಅವನ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ.

ಇದೇ ಚರಂಡಿ ನೀರು ಒಂದು ಉಪಯೋಗಕ್ಕೂ ಬಂದಿದೆ. 2021–22ರಲ್ಲಿ ಬೆಂಗಳೂರಿನ ಸಂಶೋಧಕರು 28 ಕೊಳಚೆ ಸಂಸ್ಕರಣಾ ಘಟಕಗಳ ಮಾದರಿಗಳಿಂದ ಕೊರೊನಾ ವೈರಸ್ಸಿನ ಏರಿಳಿತವನ್ನೂ ಹೊಸ ತಳಿಗಳನ್ನೂ ಗುರುತಿಸಿದರು. ಒಬ್ಬೊಬ್ಬರ ಮೂಗಿನ ದ್ರವ ತೆಗೆಯದೆ ಊರಿನ ಆರೋಗ್ಯವನ್ನು ಊರಿನ ಮಲದಲ್ಲೇ ಓದುವ ಈ ವಿಧಾನವನ್ನು ಔಷಧಿ ನಿರೋಧಕ ಬ್ಯಾಕ್ಟೀರಿಯಗಳ ನಿಗಾಕ್ಕೂ ಬಳಸಬಹುದು.

ನೂರಾರು ಕೋಟಿಯ ಸಂಶೋಧನೆ ನಡೆದ ಮೇಲೂ ಗಟ್ಟಿಯಾಗಿ ಹೇಳಬಹುದಾದ ಸಲಹೆಗಳು ಸರಳವಾಗಿವೆ: ಮಗುವಿಗೆ ಮೊಲೆಹಾಲು, ತಟ್ಟೆಯಲ್ಲಿ ರಾಗಿ, ಕಾಳು, ಸೊಪ್ಪು, ಒಂದು ಲೋಟ ಮಜ್ಜಿಗೆ, ಬೇಕಾದಾಗ ಮಾತ್ರ ಆಂಟಿಬಯೋಟಿಕ್. ಇವೆಲ್ಲ ಒಬ್ಬೊಬ್ಬರ ಮನೆಯಲ್ಲಿ ಆಗುವಂಥವು. ಶುದ್ಧ ನೀರು ಮತ್ತು ಸಂಸ್ಕರಿಸಿದ ಚರಂಡಿ ಮಾತ್ರ ಊರೇ ಸೇರಿ ಮಾಡಬೇಕಾದ ಕೆಲಸ.